ಭಾರ ತಂತಿಗೆ, ಕೈಗಳು ದೋಣಿಗೆ: ಒಬ್ಬರೇ ನಡೆಸುವ ಹಾಯಿದೋಣಿಯಲ್ಲಿ ಟ್ರಪೀಜ್

ಟ್ರಪೀಜ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಸರ್ಕಸ್. ಡೇರೆಯ ತುದಿಯಲ್ಲಿ ತೂಗುವ ಕೋಲು, ಅದರಿಂದ ಇದಕ್ಕೆ ಹಾರುವ ಕಲಾವಿದರು, ಕೆಳಗೆ ಹಾಸಿದ ಬಲೆ. ಇದೇ ಹೆಸರಿನ ಇನ್ನೊಂದು ಸಾಧನ ನೀರಿನ ಮೇಲೆಯೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಒಲಿಂಪಿಕ್ಸ್ ಸಮಯದಲ್ಲಿ ಟಿ.ವಿ.ಯಲ್ಲಿ ಹಾಯಿದೋಣಿ ಸ್ಪರ್ಧೆಯನ್ನು ನೋಡಿದವರು ಒಂದು ವಿಚಿತ್ರ ದೃಶ್ಯವನ್ನು ಗಮನಿಸಿರಬಹುದು. ದೋಣಿ ಓಡುತ್ತಿದೆ, ಆದರೆ ದೋಣಿ ನಡೆಸುವವರು ದೋಣಿಯೊಳಗೆ ಇಲ್ಲ! ದೋಣಿಯ ಅಂಚಿಗೆ ಪಾದ ಊರಿ, ಇಡೀ ದೇಹವನ್ನು ಹೊರಕ್ಕೆ ಚಾಚಿ, ನೀರಿನ ಮೇಲೆ ಹೆಚ್ಚುಕಡಿಮೆ ಮಲಗಿದಂತೆ ನಿಂತಿದ್ದಾರೆ. ಕಂಬದಿಂದ ಇಳಿದ ಒಂದು ತೆಳು ತಂತಿ ಮಾತ್ರ ಅವರನ್ನು ಹಿಡಿದಿದೆ. ಆ ತಂತಿ ಮತ್ತು ಅದರ ಕೊಕ್ಕೆ ಸೇರಿದ ವ್ಯವಸ್ಥೆಗೇ ಟ್ರಪೀಜ್ ಎಂದು ಹೆಸರು.

ಇಬ್ಬರು ನಡೆಸುವ ದೋಣಿಯಲ್ಲಿ ಕೆಲಸ ಹಂಚಿಹೋಗುತ್ತದೆ. ಒಬ್ಬರೇ ಇರುವ ದೋಣಿಯಲ್ಲಿ ಚುಕ್ಕಾಣಿ, ಹಾಯಿಯ ಹಗ್ಗ, ತಂತಿ, ಸಮತೋಲನ ಎಲ್ಲವೂ ಒಬ್ಬರ ತಲೆಯ ಮೇಲೆ. ಇರುವುದು ಎರಡೇ ಕೈ. ಹಾಗಿದ್ದರೂ ಇದು ಹೇಗೆ ಸಾಧ್ಯ? ಇದರ ಹಿಂದಿರುವುದು ತೋಳ್ಬಲವಲ್ಲ, ನಾವು ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಓದುವ ಒಂದು ಪಾಠ ಮತ್ತು ತಪ್ಪದೆ ಪಾಲಿಸಬೇಕಾದ ಒಂದು ಕ್ರಮ. ಅದನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ: ಭಾರವನ್ನು ತಂತಿಗೆ ಕೊಡು, ಕೈಗಳನ್ನು ದೋಣಿಗೆ ಬಿಡು.

ದೋಣಿ ವಾಲುವುದೇಕೆ?

ಹಾಯಿಗೆ ಬಡಿಯುವ ಗಾಳಿ ದೋಣಿಯನ್ನು ಮುಂದಕ್ಕೆ ಮಾತ್ರ ತಳ್ಳುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ದೋಣಿಯ ಮಧ್ಯದಿಂದ ನೀರಿನೊಳಕ್ಕೆ ಇಳಿಬಿಟ್ಟ ಅಡಿಹಲಗೆಯೊಂದು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಮೇಲೆ ಹಾಯಿಯ ಮೇಲೆ ಒಂದು ಬಲ, ಕೆಳಗೆ ಹಲಗೆಯ ಮೇಲೆ ಅದಕ್ಕೆ ಎದುರಾದ ಇನ್ನೊಂದು ಬಲ. ಎರಡೂ ಸೇರಿ ದೋಣಿಯನ್ನು ತಿರುಗಿಸಿ ಮಗುಚಲು ನೋಡುತ್ತವೆ. ಆಗ ದೋಣಿ ಗಾಳಿ ಹೋಗುವ ಕಡೆಗೆ ವಾಲುತ್ತದೆ. ವಾಲಿದ ದೋಣಿ ನಿಧಾನವಾಗುತ್ತದೆ, ಚುಕ್ಕಾಣಿಯ ಮಾತು ಕೇಳುವುದಿಲ್ಲ, ಇನ್ನೂ ವಾಲಿದರೆ ಮಗುಚುತ್ತದೆ.

ಇದನ್ನು ತಡೆಯಲು ಇರುವ ಉಪಾಯ ಹಳೆಯದು: ಗಾಳಿ ಬರುವ ಬದಿಗೆ ಮನುಷ್ಯನ ಭಾರವನ್ನು ಸರಿಸುವುದು. ನಮ್ಮ ನೆರೆಯ ಶ್ರೀಲಂಕಾದ ಮೀನುಗಾರರು ಒಂದು ಪಕ್ಕಕ್ಕೆ ಮರದ ದಿಮ್ಮಿ ಕಟ್ಟಿದ ಹಾಯಿದೋಣಿಗಳಲ್ಲಿ ಹೋಗುತ್ತಿದ್ದರು. ಗಾಳಿ ಜೋರಾದಾಗ ದೋಣಿಯಲ್ಲಿದ್ದವರು ಒಬ್ಬೊಬ್ಬರಾಗಿ ಆ ದಿಮ್ಮಿಯ ಕಡೆಗೆ ಚಾಚಿದ ಮರದ ಮೇಲೆ ಹೋಗಿ ನಿಲ್ಲುತ್ತಿದ್ದರು. ಗಾಳಿಯ ಜೋರನ್ನು ಅವರು ಅಳೆಯುತ್ತಿದ್ದದ್ದೂ ಹಾಗೆಯೇ: ಇದು ಒಬ್ಬಾಳಿನ ಗಾಳಿ, ಇದು ಇಬ್ಬರಾಳಿನ ಗಾಳಿ ಎಂದು. ಒಬ್ಬರೇ ಇರುವ ದೋಣಿಯಲ್ಲಿ ಎರಡನೆಯ ಆಳು ಇಲ್ಲ. ಹಾಗಾಗಿ ಇರುವ ಒಂದೇ ದೇಹವನ್ನು ಎಷ್ಟು ದೂರಕ್ಕೆ ಒಯ್ಯಲು ಸಾಧ್ಯವೋ ಅಷ್ಟು ದೂರಕ್ಕೆ ಒಯ್ಯಬೇಕು.

ಸ್ವಲ್ಪ ಲೆಕ್ಕ ಮಾಡೋಣ

ಬಲವನ್ನು ತಿರುಗು ಬಿಂದುವಿನಿಂದ ಇರುವ ದೂರದಿಂದ ಗುಣಿಸಿದರೆ ಸಿಗುವುದು ಟಾರ್ಕ್. ಸೀಸಾ ಹಲಗೆಯಲ್ಲಿ ಸಣ್ಣ ಮಗು ತುದಿಯಲ್ಲಿ ಕುಳಿತು, ನಡುವಿನ ಹತ್ತಿರ ಕುಳಿತ ದೊಡ್ಡವರನ್ನು ಮೇಲೆತ್ತುವುದು ಇದರಿಂದಲೇ. ಭಾರ ಹೆಚ್ಚಿಸಲು ಆಗದಿದ್ದರೆ ದೂರ ಹೆಚ್ಚಿಸಬೇಕು.

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ನಾವಿಕನ ತೂಕ 70 ಕೆ.ಜಿ., ಗುರುತ್ವ ವೇಗೋತ್ಕರ್ಷ 10 ಎಂದುಕೊಂಡರೆ ಭಾರ 700 ನ್ಯೂಟನ್. ದೋಣಿಯ ಅಗಲ 1.4 ಮೀಟರ್, ಅಂದರೆ ನಡುಗೆರೆಯಿಂದ ಅಂಚಿಗೆ 0.7 ಮೀಟರ್.

ಆತ ಅಂಚಿನ ಮೇಲೆ ಸುಮ್ಮನೆ ಕುಳಿತರೆ ಟಾರ್ಕ್ 700 × 0.7 = 490 ನ್ಯೂಟನ್ ಮೀಟರ್.

ಪಾದಗಳನ್ನು ಒಳಗಿನ ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ಹೊರಕ್ಕೆ ಬಾಗಿಸಿದರೆ ಗುರುತ್ವ ಕೇಂದ್ರ ಅಂಚಿನಿಂದ ಸುಮಾರು 0.4 ಮೀಟರ್ ಹೊರಗೆ ಹೋಗುತ್ತದೆ ಎನ್ನೋಣ. ಆಗ 700 × 1.1 = 770 ನ್ಯೂಟನ್ ಮೀಟರ್.

ಟ್ರಪೀಜ್ ತಂತಿಗೆ ಭಾರ ಕೊಟ್ಟು, ಅಂಚಿನ ಮೇಲೆ ಪಾದವಿಟ್ಟು ದೇಹವನ್ನು ಪೂರ್ತಿ ಚಾಚಿದರೆ ಗುರುತ್ವ ಕೇಂದ್ರ ಅಂಚಿನಿಂದ ಸುಮಾರು 0.95 ಮೀಟರ್ ದೂರದಲ್ಲಿರುತ್ತದೆ. ಆಗ 700 × 1.65 = 1155 ನ್ಯೂಟನ್ ಮೀಟರ್.

ಅದೇ ಮನುಷ್ಯ, ಅದೇ ತೂಕ. ಆದರೆ ಬೆನ್ನು ಬಾಗಿಸಿ ಕುಳಿತಾಗಿಗಿಂತ ಒಂದೂವರೆ ಪಟ್ಟು ಹೆಚ್ಚು ಟಾರ್ಕ್. ಅಷ್ಟು ಹೆಚ್ಚು ಗಾಳಿಯನ್ನು ಹಾಯಿಯಲ್ಲಿ ಹಿಡಿದಿಡಬಹುದು, ಅಷ್ಟು ಹೆಚ್ಚು ವೇಗ ಪಡೆಯಬಹುದು.

ಇನ್ನೂ ಒಂದು ಸ್ವಾರಸ್ಯವಿದೆ. ತಂತಿ ಕಂಬಕ್ಕೆ ಸೇರುವ ಜಾಗ ನಾವಿಕನ ಸೊಂಟದಿಂದ 4.5 ಮೀಟರ್ ಎತ್ತರದಲ್ಲಿದೆ, ಸೊಂಟ ನಡುಗೆರೆಯಿಂದ 1.65 ಮೀಟರ್ ಹೊರಗಿದೆ ಎನ್ನಿ. ತಂತಿಯ ಎಳೆತವನ್ನು ಲಂಬ ಮತ್ತು ಅಡ್ಡ ಎಂದು ಎರಡಾಗಿ ಬಿಡಿಸಿ ನೋಡಿ. ಲಂಬ ಭಾಗ ಇಡೀ 700 ನ್ಯೂಟನ್ ಭಾರವನ್ನು ಹೊರುತ್ತದೆ. ಅಡ್ಡ ಭಾಗ ಸುಮಾರು 257 ನ್ಯೂಟನ್, ಕಾಲುಗಳು ಅಂಚನ್ನು ಒತ್ತಬೇಕಾದದ್ದು ಅಷ್ಟೇ ಬಲದಿಂದ. ಅಂದರೆ ದೇಹದ ಭಾರದ ಮೂರನೇ ಒಂದಂಶಕ್ಕಿಂತ ತುಸು ಹೆಚ್ಚು. ಕೈಗಳು ಹೊರಬೇಕಾದ ಭಾರ ಎಷ್ಟು? ಸೊನ್ನೆ. ಬೆನ್ನು ಬಾಗಿಸಿ ಕುಳಿತವರಿಗೆ ಹೊಟ್ಟೆ, ತೊಡೆಗಳ ಸ್ನಾಯುಗಳು ಉರಿಯುತ್ತವೆ. ತಂತಿಯ ಮೇಲೆ ಸರಿಯಾಗಿ ನಿಂತವರಿಗೆ ಆ ಪಾಡಿಲ್ಲ. ಈ ಸೊನ್ನೆಯನ್ನು ನೆನಪಿಡಿ, ಮುಂದಿನ ಪಾಠವೆಲ್ಲ ಇದರ ಮೇಲೆಯೇ ನಿಂತಿದೆ.

ಈ ಉಪಾಯ ಬಂದ ಬಗೆ

1930ರ ದಶಕದಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಬೀಚರ್ ಮೂರ್ ಎಂಬವರ ದೋಣಿಯಲ್ಲಿ ಕಂಬದಿಂದ ಒಂದು ಹಗ್ಗ ಇಳಿಬಿಟ್ಟು, ಅದನ್ನು ಕೈಯಲ್ಲಿ ಹಿಡಿದು ಹೊರಕ್ಕೆ ಜೋತುಬೀಳುವ ಪ್ರಯೋಗ ನಡೆದಿತ್ತು. ಕೈಯಲ್ಲಿ ಹಿಡಿದರೆ ಎಷ್ಟು ಹೊತ್ತು ತಡೆಯಲು ಸಾಧ್ಯ? ಹಗ್ಗವನ್ನು ಕೈಯಿಂದ ಬಿಡಿಸಿ ಸೊಂಟಕ್ಕೆ ಸೇರಿಸಿದಾಗಲೇ ನಿಜವಾದ ಟ್ರಪೀಜ್ ಹುಟ್ಟಿತು. 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಎಂಬ ಇಬ್ಬರು ‘ಥಂಡರ್ ಅಂಡ್ ಲೈಟ್ನಿಂಗ್’ ಎಂಬ ದೋಣಿಯಲ್ಲಿ ಇದನ್ನು ಬಳಸಿ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದರು. ಗೆಲುವು ಎಷ್ಟು ಸುಲಭವಾಗಿ ಕಂಡಿತೆಂದರೆ ಆ ವರ್ಗದ ದೋಣಿಗಳಲ್ಲಿ ಟ್ರಪೀಜನ್ನೇ ನಿಷೇಧಿಸಲಾಯಿತು! ಈ ಪೀಟರ್ ಸ್ಕಾಟ್ ದಕ್ಷಿಣ ಧ್ರುವ ಯಾತ್ರಿ ಕ್ಯಾಪ್ಟನ್ ಸ್ಕಾಟ್ ಅವರ ಮಗ. ಮುಂದೆ ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರಲ್ಲಿ ಒಬ್ಬರಾದರು. ನಾವೆಲ್ಲ ಬಲ್ಲ ಆ ಪಾಂಡಾ ಚಿಹ್ನೆಯ ಹಿಂದೆಯೂ ಅವರ ಕೈ ಇದೆ.

ಬಹುಕಾಲ ಟ್ರಪೀಜ್ ಇಬ್ಬರ ದೋಣಿಯ ಸಾಧನವಾಗಿಯೇ ಉಳಿಯಿತು. ಒಬ್ಬರೇ ನಡೆಸುವ ದೋಣಿಗೂ ಅದನ್ನು ತಂದು ಹೆಸರು ಮಾಡಿದ್ದು ಆಸ್ಟ್ರೇಲಿಯಾದ ಬಾಬ್ ಮಿಲ್ಲರ್ 1960ರ ದಶಕದಲ್ಲಿ ವಿನ್ಯಾಸ ಮಾಡಿದ ‘ಕಂಟೆಂಡರ್’. ಉದ್ದ ಐದು ಮೀಟರ್‌ಗಿಂತ ತುಸು ಕಡಿಮೆ, ಒಂದೇ ಹಾಯಿ, ಎರಡು ಬದಿಗೆ ಎರಡು ತಂತಿ, ಒಬ್ಬರೇ ನಾವಿಕರು. ಒಲಿಂಪಿಕ್ಸ್‌ನಲ್ಲಿದ್ದ ‘ಫಿನ್’ ದೋಣಿಯ ಜಾಗಕ್ಕೆ ಹೊಸದೊಂದನ್ನು ಹುಡುಕಲು ನಡೆದ ಪರೀಕ್ಷೆಗಳಲ್ಲಿ ಇದು ಆಯ್ಕೆಯೂ ಆಯಿತು. ಆದರೆ ಒಲಿಂಪಿಕ್ಸ್ ಪ್ರವೇಶಿಸುವ ಭಾಗ್ಯ ಅದಕ್ಕೆ ಸಿಗಲಿಲ್ಲ. ಫಿನ್ ದೋಣಿಯೇ ಟೋಕಿಯೊ ಒಲಿಂಪಿಕ್ಸ್‌ವರೆಗೂ ಮುಂದುವರಿಯಿತು. ಬಾಬ್ ಮಿಲ್ಲರ್ ಮುಂದೆ ಬೆನ್ ಲೆಕ್ಸೆನ್ ಎಂದು ಹೆಸರು ಬದಲಿಸಿಕೊಂಡರು. ಅವರು ವಿನ್ಯಾಸ ಮಾಡಿದ ‘ಆಸ್ಟ್ರೇಲಿಯಾ ಟು’ 1983ರಲ್ಲಿ ಅಮೆರಿಕಾಸ್ ಕಪ್ ಗೆದ್ದು, 132 ವರ್ಷ ಅಮೆರಿಕದ ಕೈಯಲ್ಲೇ ಇದ್ದ ಆ ಪ್ರಶಸ್ತಿಯನ್ನು ಕಸಿದುಕೊಂಡಿತು. ಕಂಟೆಂಡರ್ ದೋಣಿಗಳು ಇಂದಿಗೂ ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಸ್ಪರ್ಧಿಸುತ್ತಿವೆ. ಮುಂದೆ ಹೇಳುವ ಕ್ರಮವನ್ನು ಅಂಥ ದೋಣಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಸಲಕರಣೆಗಳ ಪರಿಚಯ

ನಾವಿಕರು ತೊಡುವ ಹಾರ್ನೆಸ್ ಎಂದರೆ ಸೊಂಟ, ತೊಡೆ, ಬೆನ್ನನ್ನು ಹಿಡಿಯುವ ಗಟ್ಟಿ ಪಟ್ಟಿ. ಅದರ ಮುಂದೆ, ಹೊಕ್ಕುಳಿನಿಂದ ಸ್ವಲ್ಪ ಕೆಳಗೆ, ಒಂದು ಕೊಕ್ಕೆ. ಕಂಬದ ಮೇಲ್ಭಾಗದಿಂದ ಇಳಿದ ತಂತಿಯ ತುದಿಯಲ್ಲಿ ಒಂದು ಬಳೆ, ಬಳೆಯ ಮೇಲೆ ಕೈಗೆ ಸಿಗುವಂತೆ ಒಂದು ಹಿಡಿಕೆ. ಬಳೆಯ ಎತ್ತರವನ್ನು ಏರಿಸಿ ಇಳಿಸಲು ಒಂದು ಸಣ್ಣ ಹಗ್ಗ. ಬಳಸದಿರುವಾಗ ತಂತಿ ಅಲ್ಲಾಡದೆ ಕಂಬದ ಬಳಿ ನಿಲ್ಲಲು ರಬ್ಬರ್ ಹಗ್ಗ.

ಇನ್ನೆರಡು ವಸ್ತುಗಳು ಕೈಗೆ ಸೇರಿದವು. ಒಂದು, ಚುಕ್ಕಾಣಿಯ ಹಿಡಿಗೆ ಜೋಡಿಸಿದ ಉದ್ದನೆಯ ಕೋಲು. ಹೊರಗೆ ನಿಂತವರ ಕೈಗೂ ಅದು ಎಟುಕುತ್ತದೆ. ಇನ್ನೊಂದು, ಹಾಯಿಯನ್ನು ಬಿಗಿಮಾಡುವ, ಸಡಿಲಿಸುವ ಹಗ್ಗ. ಹಿಂದಿನ ಕೈಗೆ ಕೋಲು, ಮುಂದಿನ ಕೈಗೆ ಹಗ್ಗ. ದೋಣಿಯ ಮೂತಿಯ ಕಡೆಗಿರುವುದು ಮುಂದಿನ ಕೈ, ಚುಕ್ಕಾಣಿಯ ಕಡೆಗಿರುವುದು ಹಿಂದಿನ ಕೈ.

ಹೊರಗೆ ಹೋಗುವ ಕ್ರಮ

1. ದೋಣಿಯನ್ನು ಗಾಳಿಗೆ ಓರೆಯಾಗಿ, ಗಾಳಿ ಬರುವ ದಿಕ್ಕಿನ ಕಡೆಗೆ ನಡೆಸಿ, ವೇಗ ಸ್ಥಿರವಾಗಲಿ. ಗಾಳಿ ಬರುವ ಬದಿಯ ಅಂಚಿನ ಮೇಲೆ ಕುಳಿತುಕೊಳ್ಳಿ. ದೋಣಿ ಆಚೆ ಬದಿಗೆ ಕೊಂಚ ವಾಲಿರಲಿ. ನೀವು ಹೊರಗೆ ಹೋದಾಗ ಅದು ತಾನಾಗಿ ಸಮವಾಗುತ್ತದೆ. ಮೊದಲೇ ಸಮವಾಗಿದ್ದರೆ ನಿಮ್ಮ ಭಾರಕ್ಕೆ ನಿಮ್ಮ ಕಡೆಗೇ ಮಗುಚೀತು.

2. ಹಾಯಿಯ ಹಗ್ಗವನ್ನು ಒಂದು ಕ್ಷಣ ಹಿಂದಿನ ಕೈಗೇ ಕೊಟ್ಟು, ಕೋಲಿನ ಜೊತೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಬಿಡುವಾದ ಮುಂದಿನ ಕೈಯಿಂದ ಬಳೆಯನ್ನು ಎಳೆದು ಕೊಕ್ಕೆಗೆ ಹಾಕಿ. ಹಾಕಿದ ಮೇಲೆ ಒಮ್ಮೆ ಕಣ್ಣಿನಿಂದ ನೋಡಿ. ಬಿದ್ದಿದೆ ಎಂದುಕೊಳ್ಳುವುದು ಬೇರೆ, ಬಿದ್ದಿರುವುದನ್ನು ನೋಡುವುದು ಬೇರೆ.

3. ಈಗಲೇ ಏಳಬೇಡಿ. ಕುಳಿತಲ್ಲಿಂದಲೇ ಹೊರಕ್ಕೆ ಜರುಗಿ, ತಂತಿ ಬಿಗಿಯಾಗಿ ಭಾರವೆಲ್ಲ ಹಾರ್ನೆಸ್ಸಿಗೆ ಬರುವ ತನಕ ಹಿಂದಕ್ಕೆ ಒರಗಿ. ಕುರ್ಚಿಯಲ್ಲಿ ಕುಳಿತಷ್ಟು ನೆಮ್ಮದಿಯಾಗಿ ತಂತಿಯಲ್ಲಿ ಕುಳಿತಿರಬೇಕು. ಇಡೀ ಪಾಠದಲ್ಲಿ ಬಹಳ ಮುಖ್ಯವಾದ ಹೆಜ್ಜೆ ಇದು.

4. ಹಗ್ಗವನ್ನು ಮುಂದಿನ ಕೈಗೆ ವಾಪಸ್ ತೆಗೆದುಕೊಂಡು, ಅದೇ ಕೈಯಿಂದ ಹಿಡಿಕೆಯನ್ನೂ ಹಿಡಿಯಿರಿ. ಮುಂದಿನ ಪಾದವನ್ನು ಅಂಚಿನ ಮೇಲಿಟ್ಟು ಕಾಲಿನಿಂದ ದೋಣಿಯನ್ನು ತಳ್ಳಿ. ದೇಹ ಹೊರಗೆ ಹೋದಂತೆ ಹಿಂದಿನ ಪಾದವೂ ಬಂದು ಅಂಚಿನ ಮೇಲೆ ನಿಲ್ಲಲಿ.

5. ಹೊರಗೆ ಹೋಗುವಾಗ ಕೋಲು ಮುಷ್ಟಿಯೊಳಗೆ ಜಾರುತ್ತ ಬರಲಿ. ಚುಕ್ಕಾಣಿ ಇದ್ದಲ್ಲೇ ಇರಬೇಕು.

6. ಎರಡೂ ಪಾದ ನೆಲೆಗೊಂಡ ಮೇಲೆ ಹಿಡಿಕೆಯನ್ನು ಬಿಡಿ. ಹಗ್ಗ ಎಳೆದು ಹಾಯಿಯನ್ನು ಬಿಗಿಮಾಡಿ. ದೋಣಿ ವೇಗ ಪಡೆಯುವುದು ಆಗ.

ಹೊಸಬರು ಎಡವುವುದೆಲ್ಲಿ?

ತೊಂದರೆ ಹೆಚ್ಚಾಗಿ ಮೂರನೆಯ ಹೆಜ್ಜೆಯನ್ನು ಬಿಟ್ಟವರಿಗೇ. ತಂತಿಯ ಮೇಲೆ ನಂಬಿಕೆ ಬಾರದ ಕಾರಣ ಅವರು ಕೈಯ ಬಲದಿಂದ ಹೊರಗೆ ಹೋಗಲು ನೋಡುತ್ತಾರೆ. ಆಗ ಏನಾಗುತ್ತದೆ ನೋಡಿ.

ಭಯವಾದಾಗ ಮುಷ್ಟಿ ತಾನಾಗಿ ಬಿಗಿಯುತ್ತದೆ. ಬಿಗಿದ ಮುಷ್ಟಿಯಲ್ಲಿ ಕೋಲು ಜಾರುವುದಿಲ್ಲ. ದೇಹ ಒಂದು ಮೀಟರ್ ಹೊರಗೆ ಹೋದರೆ ಕೋಲೂ ಅಷ್ಟು ಎಳೆಯಲ್ಪಡುತ್ತದೆ, ಚುಕ್ಕಾಣಿ ನಿಮ್ಮ ಕಡೆಗೆ ತಿರುಗುತ್ತದೆ. ಆಗ ದೋಣಿಯ ಮೂತಿ ಗಾಳಿಯಿಂದ ಆಚೆಗೆ ತಿರುಗಿ, ಬಿಗಿಯಾಗಿರುವ ಹಾಯಿಯ ಮೇಲೆ ಗಾಳಿ ಪಕ್ಕದಿಂದ ಅಪ್ಪಳಿಸಿ, ದೋಣಿ ಆಚೆ ಬದಿಗೆ ಮಗುಚುತ್ತದೆ. ಇದಕ್ಕೆ ವಿರುದ್ಧವಾಗಿ, ಗಾಬರಿಯಲ್ಲಿ ಕೋಲನ್ನು ಒಳಕ್ಕೆ ತಳ್ಳಿದರೆ ಮೂತಿ ಗಾಳಿಯ ಕಡೆಗೆ ತಿರುಗಿ, ಹಾಯಿ ಪಟಪಟ ಬಡಿದು ಬಲ ಕಳೆದುಕೊಳ್ಳುತ್ತದೆ. ಎದುರು ಬಲವಿಲ್ಲದ ದೋಣಿ ನಿಮ್ಮ ಭಾರಕ್ಕೆ ನಿಮ್ಮ ಮೇಲೆಯೇ ವಾಲುತ್ತದೆ.

ಹಾಯಿಯ ಹಗ್ಗವನ್ನು ಆಧಾರಕ್ಕೆಂದು ಜಗ್ಗುವುದು ಇನ್ನೊಂದು ತಪ್ಪು. ಬೀಳುವವರಿಗೆ ಕೈಯಲ್ಲಿರುವುದನ್ನು ಎಳೆಯುವುದು ಸಹಜ. ಆದರೆ ಆ ಹಗ್ಗ ಎಳೆದಷ್ಟೂ ಹಾಯಿ ಬಿಗಿಯಾಗಿ ದೋಣಿ ಇನ್ನಷ್ಟು ವಾಲುತ್ತದೆ. ಎರಡೂ ಕೈಗಳಲ್ಲಿರುವುದು ಹಿಡಿದು ನಿಲ್ಲುವ ಆಧಾರಗಳಲ್ಲ, ದೋಣಿ ನಡೆಸುವ ಸಾಧನಗಳು. ಸ್ಕೂಟರ್ ಕಲಿಯುವವರು ಹೆದರಿ ಆ್ಯಕ್ಸಿಲರೇಟರನ್ನೇ ಬಿಗಿಯಾಗಿ ತಿರುಚಿ ಹಿಡಿದರೆ ಏನಾಗುತ್ತದೆಯೋ ಇಲ್ಲಿಯೂ ಅದೇ.

ಹಗ್ಗವನ್ನು ಅದರ ಹಲ್ಲುಕಚ್ಚಿಗೆ ಸಿಕ್ಕಿಸಿಬಿಟ್ಟು ಆರಾಮವಾಗಿ ಹೊರಗೆ ಹೋಗೋಣ ಎಂಬ ಆಸೆಯೂ ಬರುತ್ತದೆ. ಗಾಳಿ ಹಠಾತ್ತನೆ ಜೋರಾದಾಗ ಹೊರಗೆ ನಿಂತು ಅದನ್ನು ಬಿಡಿಸುವುದು ಸುಲಭವಲ್ಲ. ಇಬ್ಬರಿದ್ದರೆ ಇನ್ನೊಬ್ಬರು ಬಿಡಿಸಿಯಾರು. ಒಬ್ಬರೇ ಇದ್ದಾಗ ಹಗ್ಗ ಕೈಯಲ್ಲೇ ಇರಬೇಕು. ಆದರೆ ಎಂದಿಗೂ ಕೈಗೆ ಸುತ್ತಿಕೊಂಡಿರಬಾರದು.

ಹೊರಗೆ ನಿಲ್ಲುವ ರೀತಿ

ಪಾದಗಳ ನಡುವೆ ಭುಜದಷ್ಟು ಅಂತರವಿರಲಿ. ಮುಂದಿನ ಕಾಲು ನೇರವಾಗಿ ಗಟ್ಟಿಯಾಗಿರಲಿ, ಹಿಂದಿನ ಮೊಣಕಾಲು ಸ್ವಲ್ಪ ಮಡಿದಿರಲಿ. ಇದಕ್ಕೆ ಕಾರಣವಿದೆ. ತಂತಿ ಇಳಿದಿರುವುದು ಕಂಬದಿಂದ, ನೀವು ನಿಂತಿರುವುದು ಕಂಬಕ್ಕಿಂತ ಹಿಂದೆ. ಹಾಗಾಗಿ ತಂತಿ ನಿಮ್ಮನ್ನು ಸದಾ ಮುಂದಕ್ಕೂ ಎಳೆಯುತ್ತಿರುತ್ತದೆ. ಜೊತೆಗೆ ದೋಣಿ ಅಲೆಗೆ ಮೂತಿ ಹೊಡೆದು ತಟ್ಟನೆ ನಿಧಾನವಾದರೆ, ಜಡತ್ವದಿಂದ ನಿಮ್ಮ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಗ್ಗರಿಸುವ ಹಾಗೆ. ಮುಂದಿನ ಕಾಲು ಗಟ್ಟಿಯಿಲ್ಲದಿದ್ದರೆ ತಂತಿಗೆ ನೇತಾಡುತ್ತ ದೋಣಿಯ ಮೂತಿಯ ಸುತ್ತ ಒಂದು ಸುತ್ತು ಹಾಕಬೇಕಾದೀತು. ಸರ್ಕಸ್ಸಿನ ಟ್ರಪೀಜ್ ಎಂದರೆ ಆಗ ಅದೇ!

ದೇಹ ನೀರಿಗೆ ಸಮಾನಾಂತರವಾಗಿ ಮಲಗಿದಷ್ಟೂ ಗುರುತ್ವ ಕೇಂದ್ರ ದೂರ ಹೋಗುತ್ತದೆ ಎಂಬುದು ನಿಜ. ಆದರೆ ಕಲಿಯುವವರು ಬಳೆಯನ್ನು ಸ್ವಲ್ಪ ಎತ್ತರಕ್ಕೇ ಕಟ್ಟಿಕೊಳ್ಳಬೇಕು. ಎತ್ತರವಿದ್ದರೆ ಒಳಗೆ ಬರುವುದು ಸುಲಭ, ಬೆನ್ನಿಗೆ ಅಲೆ ಬಡಿಯುವುದಿಲ್ಲ. ಪಳಗಿದ ಮೇಲೆ ಗಾಳಿ ನೋಡಿಕೊಂಡು ಇಳಿಸಬಹುದು.

ಗಾಳಿ ಏರಿದಾಗ, ಇಳಿದಾಗ

ಗಾಳಿ ಒಂದೇ ಸಮನೆ ಬೀಸುವುದಿಲ್ಲ. ನೀರಿನ ಮೇಲೆ ಕಪ್ಪಗೆ ಸುಕ್ಕುಗಟ್ಟಿದ ತೇಪೆಯೊಂದು ನಿಮ್ಮ ಕಡೆಗೆ ಬರುತ್ತಿದ್ದರೆ ಅಲ್ಲಿ ಜೋರು ಗಾಳಿ ಇದೆ ಎಂದು ಅರ್ಥ. ಅದು ತಲುಪುವ ಮುನ್ನ ದೇಹವನ್ನು ಪೂರ್ತಿ ಚಾಚಿರಿ. ಅಷ್ಟು ಸಾಲದೆ ದೋಣಿ ವಾಲತೊಡಗಿದರೆ ಹಾಯಿಯ ಹಗ್ಗವನ್ನು ಸ್ವಲ್ಪ ಸಡಿಲಿಸಿ, ಮೂತಿಯನ್ನು ತುಸು ಗಾಳಿಯ ಕಡೆಗೆ ತಿರುಗಿಸಿ. ದೋಣಿ ಸಮವಾದ ಕೂಡಲೇ ಹಗ್ಗವನ್ನು ಮತ್ತೆ ಎಳೆಯಿರಿ.

ಒಬ್ಬರೇ ಇರುವವರನ್ನು ಹೆಚ್ಚು ಕಾಡುವುದು ಜೋರು ಗಾಳಿಯಲ್ಲ, ಗಾಳಿ ತಟ್ಟನೆ ನಿಲ್ಲುವುದು. ಹಾಯಿಯ ಬಲ ಹೋಯಿತೆಂದರೆ ಹೊರಗಿರುವ ನಿಮ್ಮ ಭಾರಕ್ಕೆ ಎದುರು ಭಾರವಿಲ್ಲ. ಹಗ್ಗಜಗ್ಗಾಟದಲ್ಲಿ ಎದುರಿನವರು ಹಗ್ಗ ಬಿಟ್ಟ ಹಾಗೆ. ದೋಣಿ ನಿಮ್ಮ ಕಡೆಗೆ ವಾಲಿ, ಬೆನ್ನು ನೀರಿಗೆ ತಾಗುತ್ತದೆ. ಇಲ್ಲಿ ಮೂರು ಕೆಲಸ ಒಟ್ಟಿಗೆ ಆಗಬೇಕು: ಮೊಣಕಾಲು ಮಡಿಸಿ ಭಾರವನ್ನು ಒಳಕ್ಕೆ ತರುವುದು, ಹಗ್ಗ ಎಳೆದು ಹಾಯಿಗೆ ಬಲ ಕೊಡುವುದು, ಕೋಲನ್ನು ತುಸು ನಿಮ್ಮ ಕಡೆಗೆ ಎಳೆದು ಮೂತಿಯನ್ನು ಗಾಳಿಯಿಂದ ಆಚೆಗೆ ತಿರುಗಿಸುವುದು. ಮೂರರಲ್ಲಿ ಬೇಗ ಆಗುವುದು ಮೊಣಕಾಲು ಮಡಿಸುವುದೇ. ಆದ್ದರಿಂದಲೇ ಗಾಳಿ ಅಸ್ಥಿರವಾಗಿರುವ ದಿನ ಮೊಣಕಾಲುಗಳನ್ನು ಸ್ವಲ್ಪ ಸಡಿಲವಾಗಿಯೇ ಇಟ್ಟುಕೊಳ್ಳಬೇಕು.

ಒಳಗೆ ಬರುವುದು, ಬದಿ ಬದಲಿಸುವುದು

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಪ್ರತಿ ಬಾರಿ ತಿರುಗುವಾಗ ನಾವಿಕರು ಒಂದು ಬದಿಯ ತಂತಿಯಿಂದ ಬಂದು ಇನ್ನೊಂದು ಬದಿಯ ತಂತಿಗೆ ಹೋಗಬೇಕು.

ಒಳಗೆ ಬರುವ ಕ್ರಮ ಹೊರಗೆ ಹೋದದ್ದರ ತಿರುವುಮುರುವು. ಮುಂದಿನ ಕೈಯಿಂದ ಹಿಡಿಕೆ ಹಿಡಿದು, ಹಿಂದಿನ ಕಾಲನ್ನು ಮೊದಲು ಒಳಗಿಟ್ಟು, ಅಂಚಿನ ಮೇಲೆ ಕುಳಿತು, ಬಳೆಯನ್ನು ಕೊಕ್ಕೆಯಿಂದ ಬಿಡಿಸಿ. ಬಳೆ ನಿಜವಾಗಿ ಬಿಟ್ಟಿದೆಯೇ ಎಂದು ನೋಡಿಕೊಂಡ ಮೇಲೆಯೇ ಕೋಲನ್ನು ತಳ್ಳಿ ದೋಣಿಯನ್ನು ತಿರುಗಿಸಿ. ಬಳೆ ಸಿಕ್ಕಿಕೊಂಡಿರುವಾಗಲೇ ದೋಣಿ ತಿರುಗಿದರೆ ನೀವು ಹಳೆಯ ಬದಿಗೇ ಕಟ್ಟಿಹಾಕಲ್ಪಟ್ಟಿರುತ್ತೀರಿ, ಗಾಳಿ ಮಾತ್ರ ಹೊಸ ಬದಿಯಿಂದ ಬೀಸುತ್ತಿರುತ್ತದೆ. ಹಾಯಿಯ ಅಡಿಗೋಲಿಗೆ ತಲೆ ತಗ್ಗಿಸಿ, ಮೂತಿಯ ಕಡೆ ಮುಖವಿಟ್ಟು ದಾಟಿ, ಹೊಸ ಬದಿಯಲ್ಲಿ ಕುಳಿತು, ಕೈ ಬದಲಿಸಿ, ಮತ್ತೆ ಒಂದನೆಯ ಹೆಜ್ಜೆಯಿಂದ ಆರಂಭಿಸಿ. ಪಳಗಿದವರು ಹಿಡಿಕೆ ಹಿಡಿದು ಮೊದಲು ಹೊರಗೆ ಹೋಗಿ ಆಮೇಲೆ ಕೊಕ್ಕೆ ಹಾಕುವುದುಂಟು. ಕಲಿಯುವವರು ಅದನ್ನು ಅನುಕರಿಸಬಾರದು. ಕೈಗಳು ಭಾರ ಹೊರುತ್ತಿರುವ ಆ ಕೆಲವು ಕ್ಷಣ ದೋಣಿ ನೋಡುವವರು ಯಾರೂ ಇಲ್ಲ.

ಮಗುಚಿದರೆ?

ಸಣ್ಣ ಹಾಯಿದೋಣಿ ಮಗುಚುವುದು ಈ ಆಟದಲ್ಲಿ ಅಸಾಮಾನ್ಯವಲ್ಲ, ಅವಮಾನವೂ ಅಲ್ಲ. ಅಪಾಯ ಇರುವುದು ಕೊಕ್ಕೆ ತಂತಿಗೋ ಹಗ್ಗಕ್ಕೋ ಸಿಕ್ಕಿಕೊಂಡು ಮನುಷ್ಯ ನೀರಿನಡಿಯಲ್ಲಿ ಉಳಿದುಬಿಡುವುದರಲ್ಲಿ. ಹೀಗೆ ಜೀವ ಹೋದದ್ದೂ ಉಂಟು. ಹಾಗಾಗಿ ಒತ್ತಿದ ಅಥವಾ ಎಳೆದ ಕೂಡಲೇ ಹಾರ್ನೆಸ್ಸಿನಿಂದ ಕಳಚಿಕೊಳ್ಳುವ ಕೊಕ್ಕೆಗಳು ಬಂದಿವೆ. ಸ್ಪರ್ಧೆಗಳಲ್ಲಿ ಹಾರ್ನೆಸ್ಸಿಗೆ ಇಂಥ ವ್ಯವಸ್ಥೆ ಇರಲೇಬೇಕೆಂದು ಅಂತಾರಾಷ್ಟ್ರೀಯ ನಿಯಮವೂ 2023ರಿಂದ ಜಾರಿಗೆ ಬಂದಿದೆ.

ದೋಣಿ ಮಗುಚುತ್ತಿದೆ ಎಂದು ಗೊತ್ತಾದ ಕೂಡಲೇ ಹಾಯಿಯ ಹಗ್ಗ ಬಿಡಿ, ಬಳೆ ಬಿಡಿಸಿ. ಹಾಯಿಯ ಅಡಿಯಿಂದ ಹೊರಗೆ ಬನ್ನಿ. ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ಮಗುಚಿದ ದೋಣಿಯೂ ತೇಲುತ್ತದೆ, ದೂರಕ್ಕೆ ಕಾಣುತ್ತದೆ. ಅಡಿಹಲಗೆಯ ಮೇಲೆ ಹತ್ತಿ ನಿಂತು ಅಂಚನ್ನು ಹಿಡಿದು ಹಿಂದಕ್ಕೆ ಒರಗಿದರೆ ದೋಣಿ ನಿಧಾನವಾಗಿ ಎದ್ದು ನಿಲ್ಲುತ್ತದೆ. ಅಲ್ಲಿಯೂ ಕೆಲಸ ಮಾಡುವುದು ಅದೇ ಟಾರ್ಕ್. ಲೈಫ್ ಜಾಕೆಟ್ ಸದಾ ಮೈಮೇಲಿರಲಿ, ಆದರೆ ಅದು ಕೊಕ್ಕೆಯನ್ನು ಮುಚ್ಚದಂತಿರಲಿ. ಹಗ್ಗ ಕತ್ತರಿಸಲು ಒಂದು ಚಾಕು ಕೈಗೆ ಸಿಗುವಲ್ಲಿರಲಿ. ಒಬ್ಬರೇ ನಡೆಸುವ ದೋಣಿ ಎಂದರೆ ನೀರಿನಲ್ಲಿ ಒಬ್ಬರೇ ಇರಬೇಕೆಂದಲ್ಲ. ಕಲಿಯುವಾಗ ಹತ್ತಿರದಲ್ಲಿ ರಕ್ಷಣಾ ದೋಣಿ ಇರಲೇಬೇಕು.

ನಮ್ಮವರೂ ಇದ್ದಾರೆ

ಭಾರತದಲ್ಲಿ ಟ್ರಪೀಜ್ ಹೆಚ್ಚಾಗಿ ಕಾಣುವುದು ಇಬ್ಬರು ನಡೆಸುವ ದೋಣಿಗಳಲ್ಲಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ‘ಫಾರ್ಟಿ ನೈನರ್ ಎಫ್‌ಎಕ್ಸ್’ ಎಂಬ ದೋಣಿಯಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಬೆಳ್ಳಿ ಗೆದ್ದರು. ಪುರುಷರ ‘ಫಾರ್ಟಿ ನೈನರ್’ನಲ್ಲಿ ವರುಣ್ ಠಕ್ಕರ್ ಮತ್ತು ಕೊಡಗು ಮೂಲದ ಕೆ.ಸಿ. ಗಣಪತಿ ಕಂಚು ಗೆದ್ದರು. ಇದೇ ಪುರುಷರ ಜೋಡಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿತು. ಈ ದೋಣಿಗಳಲ್ಲಿ ಇಬ್ಬರೂ ತಂತಿಗೆ ಭಾರ ಕೊಟ್ಟು ಹೊರಗೇ ನಿಲ್ಲುತ್ತಾರೆ. ಅಂದರೆ ಚುಕ್ಕಾಣಿ ಹಿಡಿದವರೂ ನಾವು ಮೇಲೆ ನೋಡಿದ ಕೋಲಿನ ಪಾಠವನ್ನು ಕಲಿತಿರಲೇಬೇಕು. ಹಾಯಿದೋಣಿ ಕ್ರೀಡೆಗೆ ಸಮುದ್ರವೇ ಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತ್ರಿಷ್ಣಾ ಸೈಲಿಂಗ್ ಕ್ಲಬ್ ಇದೆ.

ಟ್ರಪೀಜ್ ಕಲಿಕೆ ಆರಂಭವಾಗುವುದು ನೀರಿನಲ್ಲಲ್ಲ, ದಡದ ಮೇಲೆ. ದೋಣಿಯನ್ನು ಗಾಡಿಯ ಮೇಲೆ ನಿಲ್ಲಿಸಿ, ಇಬ್ಬರು ಗೆಳೆಯರು ಆಚೆ ಬದಿಯನ್ನು ಒತ್ತಿ ಹಿಡಿದಿರುವಾಗ, ಹಾರ್ನೆಸ್ ತೊಟ್ಟು ಕೊಕ್ಕೆ ಹಾಕುವುದು, ತಂತಿಯಲ್ಲಿ ಕೂರುವುದು, ಹೊರಗೆ ಹೋಗುವುದು, ಒಳಗೆ ಬರುವುದು, ಬಳೆ ಬಿಡಿಸುವುದು. ನೋಡದೆಯೇ ಕೈ ಕೊಕ್ಕೆಯ ಜಾಗಕ್ಕೆ ಹೋಗುವ ತನಕ ಇದನ್ನು ಮಾಡಬೇಕು. ಆಮೇಲೆ ಸಣ್ಣ ಗಾಳಿಯ ದಿನ, ತರಬೇತುದಾರರ ಕಣ್ಣೆದುರಿನಲ್ಲಿ ನೀರಿಗೆ. ಈಜು ಬಾರದವರು ಮೊದಲು ಈಜು ಕಲಿಯಬೇಕು. ಊರಿನ ಮೀನುಗಾರಿಕೆ ದೋಣಿಗೆ ಹಗ್ಗ ಕಟ್ಟಿಕೊಂಡು ಇದನ್ನು ಪರೀಕ್ಷಿಸುವ ಸಾಹಸಕ್ಕಂತೂ ಯಾರೂ ಕೈ ಹಾಕಬೇಡಿ. ಆ ದೋಣಿಗಳನ್ನು ಕಟ್ಟಿರುವುದು ಬೇರೆಯದೇ ಕೆಲಸಕ್ಕೆ.

ಮುಂದಿನ ಬಾರಿ ಟಿ.ವಿ.ಯಲ್ಲಿ ಇಂಥ ಸ್ಪರ್ಧೆ ನೋಡಿದಾಗ ನಾವಿಕರ ಕೈಗಳನ್ನು ಗಮನಿಸಿ. ದೇಹ ಪೂರ್ತಿ ನೀರಿನ ಮೇಲೆ ತೂಗುತ್ತಿದ್ದರೂ ಆ ಕೈಗಳು ಹಗುರವಾಗಿ, ಸ್ವಲ್ಪ ಎಳೆಯುತ್ತ, ಸ್ವಲ್ಪ ಬಿಡುತ್ತ ಇರುತ್ತವೆ. ಮೇಲಿನ ಲೆಕ್ಕವನ್ನು ನಿಮ್ಮ ತೂಕ, ನಿಮ್ಮ ಎತ್ತರ ಹಾಕಿ ಒಮ್ಮೆ ಮಾಡಿ ನೋಡಿ. ಟಾರ್ಕ್ ಪಾಠ ಪರೀಕ್ಷೆಗೂ ನೆನಪಿರುತ್ತದೆ.